ಲಾರಿ ಹತ್ತದ ಹಣ್ಣುಗಳು

ಗೇರುಹಣ್ಣು ಮರದಿಂದ ಬಿದ್ದ ಮರುದಿನಕ್ಕೆ ಉಳಿಯುವುದಿಲ್ಲ. ಬೆಳಿಗ್ಗೆ ಬಿದ್ದದ್ದು ಸಂಜೆಗೆ ಹುಳಿವಾಸನೆ ಹೊಡೆಯುತ್ತದೆ, ಮಾರನೆಯ ದಿನ ಅದರ ಮೇಲೆಲ್ಲ ನೊಣ, ಇರುವೆ. ಹೆಸರಿಗಷ್ಟೇ ಸಿಪ್ಪೆ, ಒಳಗೆಲ್ಲ ರಸ. ಬೆರಳು ಒತ್ತಿದಲ್ಲಿ ಗಾಯವಾಗುತ್ತದೆ, ಗಾಯವಾದಲ್ಲಿ ಹುಳಿಯಲು ಶುರುವಾಗುತ್ತದೆ. ಹಾಗಾಗಿ ಗೋಡಂಬಿ ಹಡಗು ಹತ್ತಿ ದೇಶ ಸುತ್ತಿದರೂ ಅದನ್ನು ಹೊತ್ತ ಹಣ್ಣು ಮರದ ಬುಡ ಬಿಟ್ಟು ಕದಲಲಿಲ್ಲ. ಕರಾವಳಿಯ, ಮಲೆನಾಡ ಸೆರಗಿನ ಗೇರುಗುಡ್ಡಗಳಲ್ಲಿ ಮಾರ್ಚ್‌ನಿಂದ ಮೇ ತನಕ ಬೀಜ ತಿರುವಿ ಎಸೆದ ಹಣ್ಣು ರಾಶಿ ಬಿದ್ದು ಕೊಳೆಯುತ್ತದೆ. ಗುಡ್ಡದಿಂದ ನೂರು ಕಿಲೋಮೀಟರ್ ದೂರದ ಪೇಟೆಯಲ್ಲಿ ಗೇರುಹಣ್ಣಿನ ರುಚಿ ಹೇಗಿರುತ್ತದೆಂದು ಕೇಳಿ ನೋಡಿ, ಹೇಳುವವರು ಸಿಗುವುದು ಕಷ್ಟ.

ಗೇರಿನಂತೆ ಊರು ಬಿಟ್ಟು ಹೋಗಲಾರದ ಹಣ್ಣುಗಳು ನಮ್ಮ ಬೇಸಿಗೆಯಲ್ಲಿ ಇನ್ನೂ ಎಷ್ಟೋ ಇವೆ. ಕವಳಿ, ಮುರುಗಲು, ಅಂಬಲಿ ಹಲಸು, ಕಾಟುಮಾವು, ಸಂಪಿಗೆ ಹಣ್ಣು, ನೇರಳೆ. ಅಂಗಡಿಯ ಕಪಾಟಿನಲ್ಲಿ ನಾಲ್ಕು ದಿನ ಕೂರುವ ತಾಳ್ಮೆ ಇವಕ್ಕಿಲ್ಲ. ಅವು ನಮ್ಮಲ್ಲಿಗೆ ಬರುವುದಿಲ್ಲವಾದ್ದರಿಂದ ನಾವೇ ಅವುಗಳಲ್ಲಿಗೆ ಹೋಗಬೇಕು. ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ರೈಲು ಟಿಕೆಟ್, ಹೋಟೆಲ್ ಬುಕಿಂಗ್, ದೂರದ ಗಿರಿಧಾಮದ ಮಾತು. ಹೋಗುವವರು ಹೋಗಲಿ, ಸಂತೋಷವೇ. ಆದರೆ ಮನೆಯಿಂದ ಒಂದು ತಾಸಿನ ದಾರಿಯಲ್ಲಿ, ಆ ವಾರ ಮಾತ್ರ ಸಿಗುವ ಹಣ್ಣೊಂದನ್ನು ಹುಡುಕಿಕೊಂಡು ಬೆಳಗಿನ ತಂಪಿನಲ್ಲಿ ಹೊರಡುವುದಿದೆಯಲ್ಲ, ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ಸುಖ ನಾನಂತೂ ಕಂಡಿಲ್ಲ. ಅದಕ್ಕೆ ರಜೆ ಹಾಕಬೇಕಿಲ್ಲ, ಒಂದು ಭಾನುವಾರ, ಒಂದು ಚೀಲ, ಒಂದು ಬಾಟಲಿ ನೀರು ಇದ್ದರೆ ಸಾಕು.

ಕೆಲವು ಹಣ್ಣು ಪಯಣಿಸುತ್ತವೆ, ಕೆಲವು ಪಯಣಿಸುವುದಿಲ್ಲ. ಇದಕ್ಕೆ ಕಾರಣ ಹಣ್ಣಿನ ಒಳಗೇ ಇದೆ. ಮಾವು, ಬಾಳೆ, ಹಲಸು, ಸಪೋಟ, ಪಪ್ಪಾಯಿಗಳನ್ನು ಚೆನ್ನಾಗಿ ಬಲಿತ ಮೇಲೆ ಕಾಯಿಯಾಗಿಯೇ ಕೊಯ್ದರೂ ಮನೆಯಲ್ಲಿ ಹಣ್ಣಾಗುತ್ತವೆ. ಬಲಿತ ಕಾಯಿಯೊಳಗೆ ಎಥಿಲೀನ್ ಅನಿಲ ತಾನಾಗಿ ಹುಟ್ಟುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ, ಸಿಪ್ಪೆ ಬಣ್ಣ ತಿರುಗುತ್ತದೆ. ಮಾವಿನಕಾಯಿಯನ್ನು ಭತ್ತದ ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದ ಅಜ್ಜಿಯರು ಮಾಡುತ್ತಿದ್ದುದು ಇದನ್ನೇ: ಕಾಯಿಯಿಂದ ಹೊಮ್ಮಿದ ಅನಿಲ ಹೊರಗೆ ಹೋಗದಂತೆ ಬೆಚ್ಚಗೆ ಹಿಡಿದಿಡುವುದು. ಇನ್ನೊಂದು ಗುಂಪಿನ ಹಣ್ಣುಗಳಿಗೆ ಈ ಸೌಕರ್ಯವಿಲ್ಲ. ನೇರಳೆ, ಗೇರು, ದ್ರಾಕ್ಷಿ, ಅನಾನಸುಗಳನ್ನು ಕಿತ್ತ ಮೇಲೆ ಸಿಹಿ ಹೆಚ್ಚುವುದಿಲ್ಲ. ಕಿತ್ತ ಗಳಿಗೆಯಲ್ಲಿ ಎಷ್ಟು ರುಚಿಯೋ ಅಷ್ಟೇ, ಅಲ್ಲಿಂದ ಮುಂದೆ ಇಳಿತ. ಇವು ಪೂರ್ತಿ ಮಾಗಿದ ಮೇಲೆಯೇ ಮರದಿಂದ ಇಳಿಯಬೇಕು. ಪೂರ್ತಿ ಮಾಗಿದ ಮೆತ್ತನೆಯ ಹಣ್ಣನ್ನು ಬುಟ್ಟಿಗೆ ತುಂಬಿ ಘಾಟಿ ರಸ್ತೆಯಲ್ಲಿ ಕುಲುಕಿಸಿದರೆ ತಲುಪುವುದು ಹಣ್ಣಲ್ಲ, ರಸ.

ಪಯಣಿಸುವ ಮಾವಿಗೂ ದೂರದ ಪೇಟೆ ಸುಂಕ ಹಾಕುತ್ತದೆ. ಬೇಗ ಕೊಯ್ದರೆ ಬೇಗ ದುಡ್ಡು, ಹಾಗಾಗಿ ಬಲಿಯುವ ಮೊದಲೇ ಕೊಯ್ಲು. ಬಲಿಯದ ಕಾಯಿಗೆ ಬಣ್ಣ ಬರಿಸಲು ಕ್ಯಾಲ್ಸಿಯಂ ಕಾರ್ಬೈಡ್ ಇಡುವ ಕೆಟ್ಟ ಚಾಳಿ ಇನ್ನೂ ಸತ್ತಿಲ್ಲ. 2011ರ ಆಹಾರ ಸುರಕ್ಷತಾ ನಿಯಮಗಳು ಅದನ್ನು ನಿಷೇಧಿಸಿವೆ. ಹಣ್ಣು ಮಾಡುವ ಕೋಣೆಗಳಲ್ಲಿ ಮಿತಿಯಲ್ಲಿ ಎಥಿಲೀನ್ ಅನಿಲ ಬಿಡಲಷ್ಟೇ ಅವಕಾಶ. ಕಾರ್ಬೈಡಿನಲ್ಲಿ ಹಣ್ಣಾದದ್ದಕ್ಕೆ ಹೊರಗೆ ಹಳದಿ ಬಂದರೂ ಒಳಗೆ ಸಿಹಿ ಬಂದಿರುವುದಿಲ್ಲ. ತೋಟದ ಬಾಗಿಲಲ್ಲಿ ನಿಂತು ಕೊಂಡ ಹಣ್ಣಿಗೂ ಇದಕ್ಕೂ ಇರುವ ಅಂತರ ಮಕ್ಕಳಿಗೆ ಒಂದೇ ತುತ್ತಿನಲ್ಲಿ ತಿಳಿಯುತ್ತದೆ.

ಗುಡ್ಡ ಹತ್ತಿದರೆ

ಗೇರು ನಮ್ಮ ಮಣ್ಣಿನದಲ್ಲ. ಬ್ರೆಜಿಲ್‌ನಿಂದ ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದ ಮರ. ಈಗ ಕಾರವಾರದಿಂದ ಮಂಗಳೂರಿನವರೆಗೆ ಜಂಬಿಟ್ಟಿಗೆ ಗುಡ್ಡಗಳಲ್ಲೆಲ್ಲ ತನ್ನದೇ ಮನೆ ಎಂಬಂತೆ ಬೇರೂರಿದೆ. ನಾವು ಹಣ್ಣು ಎಂದು ಕರೆಯುವುದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಊದಿಕೊಂಡ ತೊಟ್ಟು. ತುದಿಯಲ್ಲಿ ನೇತಾಡುವ ಬೀಜವೇ ನಿಜವಾದ ಫಲ.

ತಿನ್ನುವುದಕ್ಕೂ ಒಂದು ಕ್ರಮವಿದೆ. ನೆಲಕ್ಕೆ ಬಿದ್ದದ್ದರಲ್ಲಿ ಆ ಬೆಳಗಿನದನ್ನಷ್ಟೇ ಆರಿಸಬೇಕು, ಅಥವಾ ಮರದ ಮೇಲೆ ಮುಟ್ಟಿದರೆ ಕೈಗೆ ಬರುವಂಥದ್ದನ್ನು ಬಿಡಿಸಿಕೊಳ್ಳಬೇಕು. ಹಳದಿಯೂ ಇರುತ್ತದೆ, ಕೆಂಪೂ ಇರುತ್ತದೆ. ಬೀಜ ತಿರುವಿ ತೆಗೆದು, ಹಣ್ಣು ತೊಳೆದು, ಬಿಲ್ಲೆ ಮಾಡಿ, ಉಪ್ಪು ಮತ್ತು ಮೆಣಸಿನಪುಡಿ ಉದುರಿಸಿ ಐದು ನಿಮಿಷ ಬಿಡಿ. ಗಂಟಲು ಕೆರೆಯುವ ಒಗರು ಉಪ್ಪಿಗೆ ತುಸು ಇಳಿಯುತ್ತದೆ. ಆ ಒಗರಿಗೆ ಕಾರಣ ಟ್ಯಾನಿನ್. ರಸ ಹಿಂಡಿ ಕುಡಿಯುವುದಾದರೆ ಅನ್ನದ ಗಂಜಿ ತಿಳಿ ಒಂದು ಸೌಟು ಬೆರೆಸಿ ಅರ್ಧ ತಾಸು ಇಡಬೇಕು. ಗಂಜಿ ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಬಸಿದುಕೊಂಡರಾಯಿತು. ಸಿ ಜೀವಸತ್ವದಲ್ಲಿ ಕಿತ್ತಳೆಯನ್ನು ಹಿಂದೆ ಹಾಕುವ ರಸವಿದು. ಬಟ್ಟೆಗೆ ಬಿದ್ದರೆ ಮಾತ್ರ ಕಲೆ ಹೋಗುವುದಿಲ್ಲ. ಮಕ್ಕಳಿಗೆ ಹಳೆ ಅಂಗಿ ಹಾಕಿಯೇ ಕರೆದೊಯ್ಯಬೇಕು.

ಬೀಜ ಸುಡುವ ಆಟ ಬೇರೆಯೇ. ಒಣ ತರಗೆಲೆ ಒಟ್ಟಿ, ಬೀಜ ಸುರಿದು, ಬೆಂಕಿ ಕೊಟ್ಟರೆ ಮೊದಲು ಸುಮ್ಮನಿದ್ದ ಬೀಜಗಳು ಇದ್ದಕ್ಕಿದ್ದಂತೆ ಚೊರ್ ಎಂದು ಎಣ್ಣೆ ಉಗುಳತೊಡಗುತ್ತವೆ. ಪ್ರತಿ ಬೀಜದಿಂದಲೂ ಒಂದೊಂದು ಚಿಕ್ಕ ಉರಿ, ಕಪ್ಪು ಹೊಗೆ. ಆ ಎಣ್ಣೆ ಚರ್ಮ ಸುಡುವಂಥದ್ದು, ಹಸಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿದವರ ತುಟಿ ಬೊಬ್ಬೆ ಏಳುತ್ತದೆ. ಹಾಗಾಗಿ ಬೆಂಕಿಯ ಹತ್ತಿರ ದೊಡ್ಡವರಿರಬೇಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಒಣ ಗುಡ್ಡದಲ್ಲಿ ಕಿಡಿ ಹಾರದಂಥ ಬೋಳು ಜಾಗ ಆರಿಸಿಕೊಳ್ಳಬೇಕು. ಉರಿ ಇಳಿದ ಮೇಲೆ ಮಣ್ಣು ಮುಚ್ಚಿ ಆರಿಸಿ, ಕಲ್ಲಿನ ಮೇಲಿಟ್ಟು ಗುದ್ದಿದರೆ ಕಪ್ಪು ಚಿಪ್ಪಿನೊಳಗಿಂದ ಬೆಚ್ಚನೆಯ ಬಿಳಿ ತಿರುಳು ಹೊರಬೀಳುತ್ತದೆ. ಡಬ್ಬಿಯಲ್ಲಿ ಬರುವ ಗೋಡಂಬಿಯಲ್ಲಿ ಈ ಹೊಗೆಯ ಘಮ ಸಿಗುವುದಿಲ್ಲ.

ಕವಳಿಗೆ ಇನ್ನೊಂದು ಬಗೆಯ ಧೈರ್ಯ ಬೇಕು. ಗುಡ್ಡದ ಅಂಚಿನ ಮುಳ್ಳುಪೊದೆ, ಏಪ್ರಿಲ್ ಕೊನೆಯಿಂದ ಕಪ್ಪು ಮಣಿಗಳಂಥ ಹಣ್ಣು. ಎರಡೆರಡು ಮುಳ್ಳಿನ ನಡುವೆ ಬೆರಳು ತೂರಿಸಿ ಒಂದೊಂದಾಗಿ ಬಿಡಿಸಬೇಕು. ಕಿತ್ತ ತೊಟ್ಟಿನಿಂದ ಬಿಳಿ ಹಾಲು ಜಿನುಗುತ್ತದೆ, ಅದು ತುಟಿಗೆ ತಾಗಿದರೆ ಅಂಟು ಹೋಗಲು ಸಂಜೆಯಾಗುತ್ತದೆ. ಬೊಗಸೆ ತುಂಬಿಸಿ ನೀರಿನಲ್ಲಿ ಅಲುಗಿಸಿ ತಿನ್ನುವುದು ಬಲ್ಲವರ ರೀತಿ. ಖಾನಾಪುರದ ಕಾಡಂಚಿನ ಹೆಣ್ಣುಮಕ್ಕಳು ಕವಳಿಯನ್ನು ಬುಟ್ಟಿಯಲ್ಲಿ ಹೊತ್ತು ಬೆಳಗಾವಿ ಪೇಟೆಗೆ ತರುತ್ತಾರೆ, ಎಲೆಯ ದೊನ್ನೆಯಲ್ಲಿ ಅಳೆದು ಕೊಡುತ್ತಾರೆ. ಅದು ಹೋಗಬಲ್ಲ ದೂರ ಅಷ್ಟೇ. ಗಡಿಯಾಚೆಯ ಕೊಂಕಣದ ಮಕ್ಕಳು ಇದರಲ್ಲಿ ಒಂದು ಪಂದ್ಯ ಕಟ್ಟುತ್ತಾರೆ: ಹಣ್ಣು ಒಡೆಯುವ ಮೊದಲು ಒಳಗೆ ಹುಂಜವೋ ಹೇಂಟೆಯೋ ಎಂದು ಹೇಳಬೇಕು. ತಿರುಳು ಕೆಂಪಾಗಿದ್ದರೆ ಹುಂಜ.

ಮಿಡಿ, ಮುರುಗಲು, ಹಲಸು

ಶಿರಸಿ, ಸಿದ್ದಾಪುರ, ಸಾಗರದ ಕಡೆ ಬೇಸಿಗೆಯ ಮೊದಲ ಸಂಭ್ರಮ ಅಪ್ಪೆಮಿಡಿಯದು. ಅಘನಾಶಿನಿ, ಶರಾವತಿ, ಕಾಳಿ ನದಿಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಮರಗಳು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮಿಡಿ ಬಿಡುತ್ತವೆ. 2009ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬೀಜದಿಂದ ಹುಟ್ಟಿದ ಮರಗಳಾದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಒಂದರ ಸೊನೆಯಲ್ಲಿ ಜೀರಿಗೆಯ ಪರಿಮಳ, ಮತ್ತೊಂದರದ್ದು ಕರ್ಪೂರದ ಹಾಗೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಎಂದು ಮರಕ್ಕೆ ಊರಿನ, ಮನೆತನದ ಹೆಸರೇ ಇರುತ್ತದೆ. ರಿಪ್ಪನ್‌ಪೇಟೆಯ ಮಿಡಿ ಪೇಟೆಗೆ ಹೋದರೆ ಕೊಳ್ಳುವವರು ಮೊದಲು ಮಿಡಿಯ ತೊಟ್ಟು ಮುರಿದು ಮೂಸಿ ನೋಡುವುದನ್ನು ಕಾಣಬಹುದು. ಇಲ್ಲಿ ಮಿಡಿ ತೂಕಕ್ಕಲ್ಲ, ಎಣಿಕೆಯ ಲೆಕ್ಕಕ್ಕೆ ಮಾರಾಟ.

ತೊಟ್ಟಿನ ಬಗ್ಗೆ ಇಷ್ಟು ಕಾಳಜಿ ಸುಮ್ಮನೆ ಅಲ್ಲ. ಮಿಡಿಯ ಪರಿಮಳ, ಬಾಳಿಕೆ ಎರಡೂ ಸೊನೆಯಲ್ಲಿವೆ. ತೊಟ್ಟು ಕಳಚಿದರೆ ಸೊನೆ ಹರಿದುಹೋಗುತ್ತದೆ. ಮಿಡಿ ನೆಲಕ್ಕೆ ಬಿದ್ದರೆ ಒಳಗೇ ಏಟಾಗಿ ಭರಣಿಯಲ್ಲಿ ಮೆತ್ತಗಾಗುತ್ತದೆ, ಜೊತೆಯವನ್ನೂ ಕೆಡಿಸುತ್ತದೆ. ಅದಕ್ಕೇ ಮರ ಹತ್ತಿ, ಗೊಂಚಲನ್ನು ತೊಟ್ಟು ಸಮೇತ ಕೊಯ್ದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸುತ್ತಾರೆ. ಮನೆಯಲ್ಲಿ ಹರಳುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬುತ್ತಾರೆ. ಕೆಲ ವಾರಗಳಲ್ಲಿ ಮಿಡಿ ನೀರು ಬಿಟ್ಟು ಮುರುಟಿಕೊಳ್ಳುತ್ತದೆ. ಆ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸು ರುಬ್ಬಿ ಸೇರಿಸಿದರೆ ಉಪ್ಪಿನಕಾಯಿ ವರ್ಷಗಟ್ಟಲೆ ಬಾಳುತ್ತದೆ.

ಉಪ್ಪಿನಕಾಯಿ ಪೇಟೆಗೆ ಹೋಗುತ್ತದೆ, ನಿಜ. ಹೋಗದೇ ಉಳಿಯುವುದು ಅಪ್ಪೆಹುಳಿ. ಎಳೆಯ ಹುಳಿಮಾವಿನಕಾಯಿ ಬೇಯಿಸಿ ಹಿಸುಕಿ, ಧಾರಾಳ ನೀರು ಬೆರೆಸಿ, ಉಪ್ಪು, ಹಸಿಮೆಣಸು ಹಾಕಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟ ತೆಳ್ಳನೆಯ ಸಾರು. ಮಧ್ಯಾಹ್ನದ ಊಟದ ಕೊನೆಗೆ ಲೋಟ ತುಂಬ ಕುಡಿದರೆ ನಿದ್ದೆ ಎಳೆಯುತ್ತದೆ. ಬೇಸಿಗೆಯಲ್ಲಿ ಶಿರಸಿ ಸೀಮೆಯ ಯಾರದೇ ಮನೆಗೆ ಊಟಕ್ಕೆ ಹೋದರೂ ಇದು ಇರುತ್ತದೆ.

ಏಪ್ರಿಲ್, ಮೇ ಮುರುಗಲಿನ ಕಾಲ. ಮಂಗಳೂರು ಕಡೆಯವರಿಗೆ ಇದು ಪುನರ್ಪುಳಿ, ಪೇಟೆಯವರಿಗೆ ಕೋಕಂ. ಒಣ ಸಿಪ್ಪೆಯನ್ನು ಎಲ್ಲರೂ ಬಲ್ಲರು. ಹಸಿ ಹಣ್ಣನ್ನು ಮರದಡಿಯಲ್ಲಿ ಕಂಡವರು ಕಡಿಮೆ. ನಿಂಬೆ ಗಾತ್ರ, ಕಡುಗೆಂಪು ಬಣ್ಣ, ನಯವಾದ ಮೈ. ಎರಡು ಹೋಳು ಮಾಡಿದರೆ ಒಳಗೆ ಬೀಜದ ಸುತ್ತ ಬಿಳಿ ತೊಳೆ. ಸಿಪ್ಪೆಯನ್ನು ಬಟ್ಟಲಿನಂತೆ ಹಾಗೇ ಇಟ್ಟು, ತುಂಬ ಸಕ್ಕರೆ ಸುರಿದು, ಗಾಜಿನ ಭರಣಿಯಲ್ಲಿ ಒಂದರ ಮೇಲೊಂದು ಜೋಡಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಅಂಗಳದ ಬಿಸಿಲಿಗೆ ಇಡುತ್ತಾರೆ. ಮೊದಲ ದಿನ ಸಂಜೆಗೇ ಸಕ್ಕರೆ ಕರಗಿ ತಳದಲ್ಲಿ ಗುಲಾಬಿ ನೀರು. ಮೂರನೆಯ ದಿನ ಅದು ಕಡುಗೆಂಪು. ವಾರದಲ್ಲಿ ಭರಣಿಯ ತುಂಬ ದಪ್ಪನೆಯ ರಸ, ಮೇಲೆ ತೇಲುವ ಸೊರಗಿದ ಸಿಪ್ಪೆ. ಎರಡು ಚಮಚ ರಸ, ಒಂದು ಲೋಟ ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ: ಶರಬತ್ತು ತಯಾರು. ಹುಳಿ ಹೆಚ್ಚಿರುವುದರಿಂದ ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬೇಡ. ಈ ಕೆಂಪು ಆಂಥೋಸಯಾನಿನ್ ಎಂಬ ಸಸ್ಯವರ್ಣದ್ದು, ನೇರಳೆಯ ಬಣ್ಣವೂ ಅದೇ ಕುಲದ್ದು. ಅಂಗಡಿಯ ಸೀಸೆಯಲ್ಲಿ ಬರುವ ಶರಬತ್ತಿಗೆ ಬಣ್ಣ ಬೆರೆಸಿರಬಹುದು. ಅಂಗಳದ ಬಿಸಿಲಲ್ಲಿ ಆದದ್ದಕ್ಕೆ ಅದರ ಅಗತ್ಯವೇ ಬೀಳುವುದಿಲ್ಲ.

ಬೀಜವನ್ನೂ ಬಿಸಾಡುವಂತಿಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ಕೊಬ್ಬು ತೇಲುತ್ತದೆ. ಆರಿದ ಮೇಲೆ ಬಿಳಿ ಗಟ್ಟಿ, ಅದೇ ಮುರುಗಲು ತುಪ್ಪ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುವ ಕೊಬ್ಬಾದ್ದರಿಂದ ಮಾಮೂಲಿ ದಿನಗಳಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಒಡೆದ ಹಿಮ್ಮಡಿಗೆ ಮಲೆನಾಡಿನವರು ತಲೆಮಾರುಗಳಿಂದ ಹಚ್ಚುತ್ತ ಬಂದದ್ದು ಇದನ್ನೇ.

ಹಲಸಿನ ವಿಷಯಕ್ಕೆ ಬಂದರೆ, ಪೇಟೆಗೆ ಬರುವುದು ಬಕ್ಕೆ ಮಾತ್ರ. ತೊಳೆ ಗಟ್ಟಿ, ಬಿಡಿಸಿ ಪೊಟ್ಟಣ ಕಟ್ಟಬಹುದು. ಅಂಬಲಿ ಹಲಸು ಹಾಗಲ್ಲ. ಹಣ್ಣಾದರೆ ಕೈಯಲ್ಲೇ ಸೀಳಬಹುದು, ತೊಳೆ ಬಾಯಿಗಿಟ್ಟರೆ ಜಾರಿ ಗಂಟಲಿಗೆ ಇಳಿಯುತ್ತದೆ. ಮಾರಾಟಕ್ಕೆ ಬಾರದ್ದರಿಂದ ಈಗಿನವರಿಗೆ ಇದರ ಬೆಲೆ ತಿಳಿಯದು. ನನ್ನ ಮಟ್ಟಿಗೆ ಹಲಸಿನ ಕಡುಬು ಆಗಬೇಕಾದ್ದು ಅಂಬಲಿಯಲ್ಲೇ. ತೊಳೆಯ ರಸ, ಅಕ್ಕಿತರಿ, ಬೆಲ್ಲ, ಕಾಯಿತುರಿ ಕಲಸಿ ಬಾಳೆಲೆಯಲ್ಲೋ ಸಾಗುವಾನಿ ಎಲೆಯಲ್ಲೋ ಮಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಸಾಗುವಾನಿಯ ಎಳೆ ಎಲೆಯಾದರೆ ಕಡುಬಿಗೆ ಅದರ ಕೆಂಪೂ ಇಳಿಯುತ್ತದೆ. ಬಿಸಿಯಿದ್ದಾಗ ಬಿಡಿಸಿ ತುಪ್ಪ ಹಾಕಿ ತಿನ್ನಬೇಕು. ಹಸಿದು ಹಲಸು, ಉಂಡು ಮಾವು ಎಂದು ಹಿರಿಯರು ಹೇಳಿದ್ದು ಹಲಸು ಹೊಟ್ಟೆ ತುಂಬಿಸುವ ಹಣ್ಣಾದ್ದರಿಂದ. ಕಡುಬು ತಿಂದ ರಾತ್ರಿ ಊಟ ಬೇಡ.

ಬಕ್ಕೆ ಹಲಸನ್ನು ಹುಡುಕಿ ತುಮಕೂರು ಸೀಮೆಗೂ ಹೋಗಬಹುದು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಒಂದೇ ಒಂದು ಕೆಂಪು ತೊಳೆಯ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಗುರುತಿಸಿ, ಕಸಿ ಕಟ್ಟಿ, ಆ ರೈತರ ತಂದೆಯ ಹೆಸರಿನಿಂದಲೇ ಸಿದ್ದು ಹಲಸು ಎಂದು ಹೊರತಂದರು. ಊರ ಅಂಚಿನ ಒಂದು ಮರಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ದೊಡ್ಡಬಳ್ಳಾಪುರದ ತೂಬಗೆರೆಯ ಹಲಸೂ ಹೆಸರುವಾಸಿ, ಬೆಂಗಳೂರಿನಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳುವಷ್ಟೇ ದೂರ.

ಅಂಕೋಲೆಯ ಬುಟ್ಟಿ, ಶಾಲ್ಮಲೆಯ ಬಂಡೆ

ಮೇ ನಡುವಿನಲ್ಲಿ ಅಂಕೋಲೆ ಪೇಟೆಯ ರಸ್ತೆ ಬದಿಗೆ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಳಿಸಿ ಕೂರುತ್ತಾರೆ. ಬುಟ್ಟಿಯಲ್ಲಿ ಕರಿ ಈಶಾಡು. ಸಿಪ್ಪೆ ತೀರ ತೆಳು, ತಿರುಳಿನಲ್ಲಿ ನಾರಿಲ್ಲ, ಸಿಹಿ ಅಪಾರ. ತೆಳು ಸಿಪ್ಪೆಯೇ ಅದರ ರುಚಿಗೂ ಕಾರಣ, ಅದು ದೂರ ಹೋಗದಿರುವುದಕ್ಕೂ ಕಾರಣ. 2023ರಲ್ಲಿ ಇದಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ದರ ಕೇಳಿದರೆ ಅಜ್ಜಿ ದರ ಹೇಳುವುದಿಲ್ಲ, ತಿರುಗಿ ಕೇಳುತ್ತಾಳೆ: “ಇಂದೇ ತಿಂತ್ರೋ, ನಾಳಿಗೋ?” ಇಂದು ಎಂದರೆ ಒಂದು ರಾಶಿಯಿಂದ, ನಾಳೆ ಎಂದರೆ ಇನ್ನೊಂದು ರಾಶಿಯಿಂದ ಕೈಯಾಡಿಸಿ ಆರಿಸಿ ಕೊಡುತ್ತಾಳೆ. “ನಾಡದ್ದಿಗೆ ಬೇಕು ಅಮ್ಮಾ” ಎಂದವರಿಗೆ “ಹಂಗಾರೆ ನಾಡದ್ದೇ ಬನ್ನಿ” ಎನ್ನುತ್ತಾಳೆ. ಮಾರುವವರೇ ಹಣ್ಣಿನ ವಯಸ್ಸು ಲೆಕ್ಕ ಹಾಕಿ ಕೊಡುವ ಇಂಥ ವ್ಯಾಪಾರ ಕೊಳ್ಳುವವರು ಎದುರಿಗೆ ಬಂದು ನಿಂತಾಗ ಮಾತ್ರ ಸಾಧ್ಯ.

ಹಣ್ಣಿನ ನೆಪದಲ್ಲಿ ಹೊರಟವರಿಗೆ ದಾರಿಯೂ ಬೇಸಿಗೆಯಲ್ಲಿ ಬೇರೆಯೇ ಆಗಿ ಕಾಣುತ್ತದೆ. ಶಿರಸಿಯ ಬಳಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸೋದೆಯ ಅರಸರ ಕಾಲದ್ದೆಂದು ಹೇಳುವ ಶಿವಲಿಂಗಗಳಿವೆ, ಜೊತೆಗೆ ಬಂಡೆಯಲ್ಲೇ ಬಿಡಿಸಿದ ನಂದಿಗಳು. ಅದಕ್ಕೇ ಅದು ಸಹಸ್ರಲಿಂಗ. ಮಳೆಗಾಲದಲ್ಲಿ ನದಿ ಅವನ್ನು ಮುಚ್ಚಿಬಿಡುತ್ತದೆ. ನೀರು ಇಳಿದ ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಹತ್ತಿರ ಹೋಗಿ, ನೂರಾರು ವರ್ಷ ನೀರು ಸವೆಸಿದ ಉಳಿಯ ಗೆರೆಗಳನ್ನು ನೋಡಬಹುದು. ತುಂಗೆ, ಕಾವೇರಿ, ಹೇಮಾವತಿ, ಯಾವ ನದಿಯ ದಂಡೆಯಲ್ಲಿದ್ದವರಿಗೂ ಬೇಸಿಗೆ ತೆರೆದು ತೋರಿಸುವ ಇಂಥದ್ದೊಂದು ಜಾಗ ಇದ್ದೇ ಇರುತ್ತದೆ: ಹಳೆಯ ಸೋಪಾನ, ಕಟ್ಟೆ, ಕೆರೆಯಂಗಳದ ತೂಬಿನ ಕಲ್ಲು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ನೀರು ಕಡಿಮೆಯಿದೆ ಎಂದು ಕಾಣುವ ಹೊಳೆಯಲ್ಲೂ ಮರಳು ತೆಗೆದ ಗುಂಡಿಗಳಿರುತ್ತವೆ, ಪಾಚಿಗಟ್ಟಿದ ಬಂಡೆಗಳಿರುತ್ತವೆ. ಪ್ರತಿ ಬೇಸಿಗೆ ಈಜಲು ಇಳಿದ ಮಕ್ಕಳ ಸಾವಿನ ಸುದ್ದಿ ಓದುತ್ತೇವೆ. ಆ ಊರಿನವರನ್ನು ಕೇಳದೆ ಯಾರೂ ನೀರಿಗೆ ಇಳಿಯಬಾರದು.

ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲಿನ ಸೆಕೆಯ ರಾತ್ರಿಗಳಲ್ಲಿ, ಪಶ್ಚಿಮಘಟ್ಟದ ಕಾಡಂಚಿನಲ್ಲಿ ಮಿಣುಕುಹುಳುಗಳು ಮರಕ್ಕೆ ಮರವೇ ಒಟ್ಟಿಗೆ ಮಿನುಗುವುದನ್ನು ನೋಡಬಹುದು. ಟಾರ್ಚ್ ಆರಿಸಿ, ಮೊಬೈಲ್ ಜೇಬಿಗಿಟ್ಟು ನಿಂತರೆ ಸಾಕು. ಗಂಡುಹುಳುಗಳು ಹೆಣ್ಣನ್ನು ಕರೆಯುವ ಬೆಳಕು ಅದು. ನಮ್ಮ ಬೆಳಕು ಬಿದ್ದರೆ ಅವುಗಳ ಸಂಭಾಷಣೆ ಕೆಡುತ್ತದೆ.

ಮಲೆನಾಡಿನಲ್ಲಿ ಇಲ್ಲದವರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಧಾರವಾಡದವರಿಗೆ ಆಪೂಸು ಇದೆ, ತೋಟದಿಂದ ಬುಟ್ಟಿ ತಂದು ಸೀಕರಣೆ ಮಾಡಿ ಹೋಳಿಗೆಯ ಜೊತೆ ಉಣ್ಣುವ ಭಾಗ್ಯವಿದೆ. ಬೆಂಗಳೂರಿನವರಿಗೆ ಏಪ್ರಿಲ್‌ನಲ್ಲಿ ರಾಮನಗರದ ತೋಟಗಳು, ಮೇ–ಜೂನ್‌ನಲ್ಲಿ ಶ್ರೀನಿವಾಸಪುರದ್ದು. ಬಾದಾಮಿ ಮುಗಿಯುವಾಗ ಮಲ್ಲಿಕಾ ಬರುತ್ತದೆ, ಕೊನೆಗೆ ನೀಲಂ. ನೀಲಂ ಮತ್ತು ದಶೇರಿಯ ಮಗಳು ಮಲ್ಲಿಕಾ. ತೋಟಕ್ಕೆ ಹೋಗಲಾಗದಿದ್ದರೆ ಲಾಲ್‌ಬಾಗ್‌ನಲ್ಲಿ ನಡೆಯುತ್ತ ಬಂದಿರುವ ಮಾವು ಮೇಳದಲ್ಲಿ ಬೆಳೆದವರನ್ನೇ ಮಾತಾಡಿಸಿ ಕೊಳ್ಳಬಹುದು. ದೇವನಹಳ್ಳಿ ಬಳಿ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ವಿಮಾನ ನಿಲ್ದಾಣಕ್ಕೆ ಹೋಗುವವರಲ್ಲಿ ಎಷ್ಟು ಜನ ಆ ಮುದಿ ಹುಣಸೆಗಳ ಕೆಳಗೆ ಒಂದು ಬೆಳಗು ಕಳೆದಿದ್ದಾರು? ಹೊರಡುವುದು ಮಾತ್ರ ಬೆಳಿಗ್ಗೆ ಆರಕ್ಕೆ, ಮರಳುವುದು ಹತ್ತರೊಳಗೆ. 2016ರ ಏಪ್ರಿಲ್‌ನಲ್ಲಿ ತಂಪಿನ ಊರೆಂಬ ಹೆಸರಿನ ಬೆಂಗಳೂರೇ 39.2 ಡಿಗ್ರಿ ಕಂಡಿದೆ.

ಈ ಹಣ್ಣುಗಳ ಮರಗಳು ಕಡಿಮೆಯಾಗುತ್ತಿರುವುದು ನನ್ನನ್ನು ಕಾಡುವ ವಿಷಯ. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಬ್ರಿಟಿಷರ ಕಾಲದಿಂದ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಮುರುಗಲು, ನೇರಳೆ, ಕವಳಿ, ಕಾಟುಮಾವು ಉಳಿದದ್ದು ಬಹಳಷ್ಟು ಈ ಬೆಟ್ಟಗಳಲ್ಲೇ. ಎಷ್ಟೋ ಗುಡ್ಡಗಳಲ್ಲಿ ಈಗ ಬರೀ ಅಕೇಶಿಯಾ ನಿಂತಿದೆ, ಅದರಡಿ ಹಕ್ಕಿಗೂ ಮಕ್ಕಳಿಗೂ ತಿನ್ನಲು ಏನೂ ಇಲ್ಲ. ರಸ್ತೆ ಅಗಲವಾದಲ್ಲೆಲ್ಲ ಮೊದಲು ಉರುಳಿದ್ದು ಸಾಲಿನ ಮಾವು, ನೇರಳೆ, ಹುಣಸೆ. ಅಪ್ಪೆಮಿಡಿಗೆ ಬೆಲೆ ಬಂದ ಮೇಲೆ ಹತ್ತಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಮಿಡಿ ಉದುರಿಸಿಕೊಳ್ಳುವವರೂ ಹುಟ್ಟಿಕೊಂಡರು. ಅಂಥ ಮರ ಮತ್ತೆ ಮಿಡಿ ಬಿಡಲು ವರ್ಷಗಳೇ ಬೇಕು. ಅವರಿಂದ ಮಿಡಿ ಕೊಳ್ಳದಿರುವುದು ಕೊಳ್ಳುವವರ ಕೈಯಲ್ಲಿದೆ. ಮಿಡಿ ಹೇಗೆ ಕೊಯ್ದಿರಿ ಎಂದು ಕೇಳಿಯೇ ದುಡ್ಡು ಕೊಡಬೇಕು.

ಹಾಗೆಯೇ ಊರ ಮರವೆಂದರೆ ಯಾರದೂ ಅಲ್ಲದ ಮರವೆಂದು ತಿಳಿಯಬಾರದು. ಗೇರುಗುಡ್ಡವನ್ನು ಯಾರೋ ಗುತ್ತಿಗೆಗೆ ಹಿಡಿದಿರುತ್ತಾರೆ, ಅವರ ವರ್ಷದ ಸಂಪಾದನೆ ಆ ಬೀಜ. ಕೇಳಿದರೆ ಹಣ್ಣು ಕೊಡುತ್ತಾರೆ, ಬೀಜ ಅವರಿಗೆ ಬಿಟ್ಟು ಬನ್ನಿ. ಕಾಡಿನೊಳಗಿನ ಹಣ್ಣಿನಲ್ಲಿ ಮಂಗಟ್ಟೆ ಹಕ್ಕಿಗೆ, ಕರಡಿಗೆ ಪಾಲಿದೆ. ಬಾಯಿಗೆ ಸಾಕಾಗುವಷ್ಟು ಕಿತ್ತು, ಉಳಿದದ್ದನ್ನು ಕೊಂಬೆಯಲ್ಲೇ ಬಿಡುವುದು ಹಳ್ಳಿಯ ಹಳೆಯ ನಡವಳಿಕೆ.

ನೇರಳೆ ಬರುವ ಹೊತ್ತಿಗೆ ಬೇಸಿಗೆ ಮುಗಿಯಿತೆಂದೇ ಲೆಕ್ಕ. ಕೃತ್ತಿಕೆ ಕಳೆದು ರೋಹಿಣಿ ಮಳೆ ಶುರುವಾಗುವ ದಿನಗಳಲ್ಲಿ ಮರದಡಿ ನೆಲವೆಲ್ಲ ನೀಲಿ. ಬಿದ್ದದ್ದರಲ್ಲಿ ಅರ್ಧ ಒಡೆದಿರುತ್ತದೆ. ಅದಕ್ಕೇ ಬಲ್ಲವರು ಕೆಳಗೆ ಹಳೆಯ ಸೀರೆ ಹಿಡಿದು ಕೊಂಬೆ ಅಲುಗಿಸುತ್ತಾರೆ. ನಾಲಿಗೆ ನೀಲಿಯಾಗುವವರೆಗೆ ತಿನ್ನಿ, ಆದರೆ ಬೀಜವನ್ನು ಕಸಕ್ಕೆ ಹಾಕಬೇಡಿ. ನೇರಳೆ, ಹಲಸು, ಮಾವಿನ ಬೀಜಗಳು ರಾಗಿ, ಹುರುಳಿಯಂತೆ ಒಣಗಿಸಿ ಡಬ್ಬಿಯಲ್ಲಿಡುವಂಥವಲ್ಲ. ಒಳಗಿನ ತೇವ ಆರಿದರೆ ಜೀವ ಹೋಗುತ್ತದೆ, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ತಿಂದ ದಿನವೇ ತೊಳೆದು, ನೆರಳಿನಲ್ಲಿಟ್ಟ ಮಣ್ಣಿನ ಪೊಟ್ಟಣದಲ್ಲಿ ಬೆರಳ ಗೆಣ್ಣಿನಷ್ಟು ಆಳಕ್ಕೆ ಊರಿ. ಮಳೆಗಾಲ ಮುಗಿಯುವುದರೊಳಗೆ ಸಸಿ ನೆಲಕ್ಕೆ ಹೋಗಲಿ. ಶಾಲೆಯ ಆವರಣ, ಕೆರೆ ಏರಿಯ ಕೆಳಗು, ದೇವಸ್ಥಾನದ ಹಿಂದಿನ ಜಾಗ, ಒಪ್ಪಿಗೆ ಕೇಳಿ ಎಲ್ಲಾದರೂ ಸರಿ. ಬೀಜದಿಂದ ಎದ್ದ ನೇರಳೆ ಹಣ್ಣು ಬಿಡಲು ಎಂಟು, ಹತ್ತು ವರ್ಷ ಬೇಕು. ಈ ಜೂನ್‌ನಲ್ಲಿಯೇ ಊರಿ.